ಸಿಲಿಂಡರಿನೊಳಗಿನ ಹಿತ್ತಲ ಗಾಳಿ

ಕೊನೆಯ ಸಾಧಾರಣ ದಿನ ನಾವಿಬ್ಬರೂ ಜಗಳವಾಡಿದ್ದು ಒಂದು ಚಿಂದಿ ಬಟ್ಟೆಯ ಸಲುವಾಗಿ. ನಮ್ಮ ಮನೆಯವರು ಗಾಳಿ ತುಂಬುವ ಕಂಪ್ರೆಸರಿನ ಎಣ್ಣೆ ಒರೆಸಿದ ಬಟ್ಟೆಯನ್ನು ತಾವೇ ಒಗೆದು, ಹಿತ್ತಲ ತಂತಿಯ ಮೇಲೆ ನನ್ನ ಇಳಕಲ್ ಸೀರೆಗೆ ಒತ್ತಿ ಒಣಹಾಕಿದ್ದರು. ಸೆರಗಿಗೆ ಅಂಗೈ ಅಗಲದ ಕಲೆ ಬಿದ್ದಿತ್ತು.

“ಒಗದೀನಲ್ಲ ಅದನ್ನ?” ಎಂದರು.

“ಬಟ್ಟಿಗೆ ನೀರು ತೋರಿಸೀರಿ. ಒಗ್ಯಾದು ಬ್ಯಾರೆ ಇರ್ತದ,” ಎಂದೆ.

ಜಗಳದಲ್ಲಿ ಸೋತಾಗಲೆಲ್ಲ ಅವರು ಹಿತ್ತಲ ತಗಡಿನ ಶೆಡ್ಡಿಗೆ ಹೋಗಿ ಯಂತ್ರದ ಏನಾದರೊಂದನ್ನು ಬಿಚ್ಚುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದರು: “ಫಿಲ್ಟರ್ ಬದಲಿ ಮಾಡಬೇಕು. ಒಳಗ ಕತ್ತಲ ಅದ. ಬ್ಯಾಟರಿ ಹಿಡಿ ಬಾ.”

“ಹಾಲು ಇಟ್ಟೀನಿ ಒಲಿ ಮ್ಯಾಲ,” ಎಂದೆ.

ಹಾಲು ಇಟ್ಟಿದ್ದು ನಿಜ. ಅದು ಉಕ್ಕಲು ಇನ್ನೂ ಬಹಳ ಹೊತ್ತಿತ್ತು ಎಂಬುದೂ ನಿಜ. ಆಮೇಲೆ ಯಂತ್ರ ಶುರುವಾದ ಸದ್ದು ಬಂತು, ಅಡುಗೆಮನೆಯ ಡಬ್ಬಿಗಳು ನಡುಗಿದವು, ಸಿಲಿಂಡರು ತುಂಬಿತು. ಆ ಹೊತ್ತಿನಲ್ಲಿ ಯಂತ್ರದಿಂದ ಆರು ಹೆಜ್ಜೆ ದೂರದಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬು ಉರಿಯುತ್ತಿತ್ತು. ಹೊತ್ತಿಸಿದವಳು ನಾನು. ತೆಂಗಿನ ಕರಟ ಹಾಕಿದ್ದೆ, ಹೊಗೆ ದಟ್ಟವಾಗಿತ್ತು. ಫಿಲ್ಟರು ಬದಲಿಸಿದರೋ, ಕತ್ತಲೆಂದು ಬಿಟ್ಟರೋ, ನಾನು ನೋಡಲಿಲ್ಲ.

ಮರುದಿನ ಅವರು ನನ್ನ ಮೈದುನನ ಜೊತೆ ಹತ್ತಿರದ ವಳಸಂಗಕ್ಕೆ ಹೋದರು. ಪೈಪು ಮುರಿದು ಬಾವಿಯ ತಳಕ್ಕೆ ಬಿದ್ದ ಮೋಟರನ್ನು ಮೇಲೆತ್ತುವ ಕೆಲಸ. ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಇಳಿದರು, ಮೋಟರಿಗೆ ಸರಪಳಿ ಬಿಗಿದರು, ಮೇಲೆ ಬಂದರು. ಮೋಟರೂ ಬಂತು. ಒಣ ಬಟ್ಟೆ ಹಾಕಿಕೊಂಡು, ಚಹಾ ಹೇಳಿ, ಬಾವಿಕಟ್ಟೆಯ ಮೇಲೆ ಕುಳಿತು, ಎದೆ ಹಿಡಿದಂತಾಗುತ್ತಿದೆ ಎಂದರಂತೆ. ಚಹಾ ಬರುವುದರೊಳಗೆ ಮುಗಿದಿತ್ತು. ಸೋಲಾಪುರದ ಡಾಕ್ಟರು ಹೃದಯಾಘಾತ ಎಂದು ಬರೆದುಕೊಟ್ಟರು.

ಸೋಲಾಪುರದಲ್ಲಿ ಸಮುದ್ರದ ಯಂತ್ರ ಯಾಕೆ ಎಂದು ನಮ್ಮನ್ನು ಕೇಳದವರಿಲ್ಲ. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಊರು. ಅಲ್ಲಿ ನೀರಿನೊಳಗೆ ಉಸಿರಾಡಲು ಗಾಳಿ ತುಂಬುವ ಯಂತ್ರ ಇಟ್ಟುಕೊಂಡ ಮನೆ ನಮ್ಮದೊಂದೇ. ಅವರದು ಮೋಟರ್ ರಿವೈಂಡಿಂಗ್ ಅಂಗಡಿ. ರೈತರು ಸುಟ್ಟ ಮೋಟರು ತರುತ್ತಿದ್ದರು. ಬಾವಿಗೆ ಬಿದ್ದ ಮೋಟರನ್ನು ಮಾತ್ರ ತರಲಾಗುತ್ತಿರಲಿಲ್ಲ. ಹಾಗಿದ್ದರೆ ನಾನೇ ಹೋಗಿ ತರುತ್ತೇನೆ ಎಂದು ನಮ್ಮವರು ಕೊಂಕಣಕ್ಕೆ ಹೋಗಿ, ಪ್ರವಾಸಿಗಳನ್ನು ಸಮುದ್ರಕ್ಕಿಳಿಸುತ್ತಿದ್ದ ಒಬ್ಬನ ಹತ್ತಿರ ಮುಳುಗುವುದು ಕಲಿತು, ಅವನು ಧಂದೆ ಮುಚ್ಚಿದಾಗ ಅವನ ಹಳೆಯ ಕಂಪ್ರೆಸರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಓಣಿಯವರೆಲ್ಲ ಹೊಸ ಗಿರಣಿ ಬಂತೆಂದು ಜೋಳ ಹಿಡಿದುಕೊಂಡು ಬಂದಿದ್ದರು.

ಗಿರಣಿ ಅಲ್ಲ ಎಂದು ಗೊತ್ತಾದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಸ್ಕೂಟರಿಗೆ ಗಾಳಿ ಹಾಕಿ ಎಂದು ಬಂದರು. ಮೊಮ್ಮಗಳ ಹುಟ್ಟುಹಬ್ಬದ ಪುಗ್ಗೆಗಳನ್ನು ತಂದರು. ದಮ್ಮಿನ ಮುದುಕರೊಬ್ಬರು ಕುರ್ಚಿಯನ್ನೂ ತಾವೇ ತಂದು ಶೆಡ್ಡಿನ ಮುಂದೆ ಹಾಕಿಕೊಂಡು ಕುಳಿತು, “ಸ್ವಲ್ಪ ಆಕ್ಸಿಜನ್ ಬಿಡ್ರಿ,” ಎಂದರು. ಇದು ಆಕ್ಸಿಜನ್ ಅಲ್ಲ ಅಜ್ಜಾರ, ನಮ್ಮ ಹಿತ್ತಲ ಗಾಳಿ, ನೀವು ಈಗ ಕುಡಿಯುತ್ತಿರುವುದೂ ಅದೇ ಎಂದರೆ, ಕೊಡಲು ಮನಸ್ಸಿಲ್ಲದವರು ಹೀಗೇ ಹೇಳುತ್ತಾರೆ ಎಂದು ಬೇಸರಪಟ್ಟುಕೊಂಡು ಕುರ್ಚಿ ಎತ್ತಿಕೊಂಡು ಹೋದರು.

ನಮ್ಮವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೂ ಇಂಥ ತಿಳಿವಳಿಕೆಯವರೇ. ನೀರು ನುಂಗಿತು ಎಂದವರಿದ್ದರು. ಸತ್ತಾಗ ನಮ್ಮವರ ಬನಿಯನ್ ಒಣಗಿತ್ತು ಎಂದರೆ ಬಂದವರ ಮುಖ ಸಪ್ಪಗಾಗುತ್ತಿತ್ತು. ಎಲ್ಲರಿಗಿಂತ ಖಚಿತವಾಗಿ ಗೊತ್ತಿದ್ದುದು ನಮ್ಮವರ ಅಕ್ಕನಿಗೆ.

“ಆ ಮಷಿನ್ನಿನ ಗಾಳಿನೇ ನನ್ನ ತಮ್ಮನ್ನ ಕೊಂದದ್ದು,” ಎಂದರು, ಹದಿನೈದು ಜನರ ಮುಂದೆ.

“ಡಾಕ್ಟರ್ ಹಾರ್ಟ್ ಅಂದಾರ್ರಿ ಅಕ್ಕಾರ.”

“ಹಾರ್ಟ್ ಎಲ್ಲಾರಿಗೂ ಇರ್ತದ. ಎಲ್ಲಾರೂ ಸಾಯ್ತಾರೇನು?”

ಈ ತರ್ಕಕ್ಕೆ ಹದಿನೈದು ಜನರೂ ತಲೆಯಾಡಿಸಿದರು. ನಾನು ಮನಸ್ಸಿನಲ್ಲಿ ನಕ್ಕೆ. ನಗುತ್ತಲೇ ಬಂಬಿನ ಹೊಗೆ ಕಣ್ಣ ಮುಂದೆ ಬಂತು. ಅವರ ಅಕ್ಕ ಯಂತ್ರವನ್ನು ದೂರುತ್ತಿದ್ದರು. ಯಂತ್ರಕ್ಕೆ ಹೊಗೆ ಕುಡಿಸಿದವಳು ಅಲ್ಲೇ ಚಾಪೆಯ ಮೇಲೆ ಕುಳಿತಿದ್ದಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಮೋಟರುಗಳಿಗೆ ಸೂತಕ ಇರುವುದಿಲ್ಲ. ತಿಂಗಳಾಗುವಷ್ಟರಲ್ಲಿ ಮತ್ತೆ ಬಾವಿಗೆ ಬೀಳತೊಡಗಿದವು. ಮೈದುನನಿಗೆ ಮುಳುಗುವುದು ಬರುತ್ತಿತ್ತು, ಯಂತ್ರ ನಡೆಸುವುದು ಬರುತ್ತಿರಲಿಲ್ಲ. “ಅಣ್ಣಾ ಮುಟ್ಟಗೊಡ್ತಿದ್ದಿಲ್ರಿ ವೈನಿ,” ಎಂದ. ಚೌಕಿನ ಪಂಕ್ಚರ್ ಅಂಗಡಿಯವನು ತನ್ನ ಹತ್ತಿರ ತುಂಬಿಸಿಕೊಂಡು ಹೋಗು ಎಂದಿದ್ದನಂತೆ. ಗಾಳಿ ಅಂದರೆ ಗಾಳಿಯೇ ಎಂಬುದು ಅವನ ಸಿದ್ಧಾಂತ. ಟ್ರಕ್ಕಿನ ಟಯರು ಯಾವತ್ತೂ ತಲೆನೋವೆಂದು ಹೇಳಿಲ್ಲವಲ್ಲ.

“ನಾ ತುಂಬಿಕೊಡ್ತೀನಿ,” ಎಂದೆ.

“ನಿಮಗ ಬರ್ತದೇನ್ರಿ?”

“ಕುಕ್ಕರ್ ಬರ್ತದ. ಇದೂ ಬಂದೀತು.”

ಧೈರ್ಯದ ಮಾತಲ್ಲ ಅದು. ಯಂತ್ರ ನನ್ನ ಕೈಗೆ ಬಂದರೆ ಆ ದಿನ ಏನಾಗಿತ್ತೆಂದು ಒಂದಲ್ಲ ಒಂದು ದಿನ ತಿಳಿದೀತು ಎಂದುಕೊಂಡೆ. ವಳಸಂಗದಿಂದ ಮರಳಿ ಬಂದ ಸಿಲಿಂಡರಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಗಾಳಿ ಇತ್ತು. ಅದನ್ನು ಯಾರಿಗೂ ತೆರೆಯಗೊಡಲಿಲ್ಲ. ಅವರ ಅಕ್ಕ ಅದಕ್ಕೆ ವಿಭೂತಿ ಹಚ್ಚಿ, ಹಾರ ಹಾಕಿ, ಫೋಟೋದ ಪಕ್ಕದಲ್ಲಿ ನಿಲ್ಲಿಸಿದ್ದರು. ಅದರೊಳಗೆ ತಮ್ಮನ ಉಸಿರಿದೆಯಂತೆ. ಅದರೊಳಗಿದ್ದುದು ನಮ್ಮ ಹಿತ್ತಲ ಗಾಳಿ. ಪಕ್ಕದ ಮನೆಯ ಬಚ್ಚಲ ವಾಸನೆಯನ್ನು ಫಿಲ್ಟರು ತೆಗೆದಿದ್ದರೆ ತೆಗೆದಿತ್ತು.

ಯಂತ್ರದ ಪುಸ್ತಕ ನಾಲ್ಕು ಭಾಷೆಗಳಲ್ಲಿತ್ತು. ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವಳಿಗೆ ನಾಲ್ಕೂ ಒಂದೇ. ಚಿತ್ರಗಳನ್ನು ನೋಡಿದೆ. ಶೆಡ್ಡಿನ ಗೋಡೆಯ ಮೇಲೆ ಅವರು ಮರಾಠಿಯಲ್ಲಿ ಎಣ್ಣೆ ಬದಲಿಸಿದ ತಾರೀಖುಗಳನ್ನು ಸುಣ್ಣದ ಕಡ್ಡಿಯಿಂದ ಬರೆದಿದ್ದರು; ಫಿಲ್ಟರಿನ ಲೆಕ್ಕ ಬರೆದಿರಲಿಲ್ಲ, ಅದು ಅವರ ತಲೆಯಲ್ಲಿತ್ತು. ಹಳೆಯ ಫಿಲ್ಟರುಗಳನ್ನೂ ಎಸೆದವರಲ್ಲ. ಮೂಲೆಯಲ್ಲಿ ರಾಶಿ ಬಿದ್ದಿದ್ದವು, ಅವುಗಳಲ್ಲಿ ಕೊನೆಯದು ಯಾವುದೆಂದು ಹೇಳುವ ಹಾಗಿರಲಿಲ್ಲ. ಗೋಡೆಗೆ ದಪ್ಪನೆಯ ಪೈಪಿನ ದೊಡ್ಡ ಸುರುಳಿಯೊಂದು ತೂಗುತ್ತಿತ್ತು. ಅದು ಯಾತಕ್ಕೆಂದು ತಿಳಿಯಲಿಲ್ಲ. ಕರಿಬೇವಿನ ಗಿಡಕ್ಕೆ ನೀರು ಬಿಡಲು ಚೆನ್ನಾಗಿತ್ತು, ತೆಗೆದುಕೊಂಡೆ.

ಕೊಂಕಣದವನು ಫೋನಿನಲ್ಲಿ ಹೇಳಿಕೊಟ್ಟ. ಒಳಗೆ ಗಾಳಿ ಬಿಗಿಯಾಗುವಾಗ ನೀರು ಕಟ್ಟುತ್ತದೆ, ಹತ್ತು ಹತ್ತು ನಿಮಿಷಕ್ಕೆ ತಿರುಪು ತೆರೆದು ಉಗುಳಿಸಬೇಕು. ಮೊದಲ ಸಲ ತೆರೆದಾಗ ಅದು ಮಜ್ಜಿಗೆಯಂಥ ಎಣ್ಣೆನೀರನ್ನು ನನ್ನ ಮುಖಕ್ಕೇ ಉಗುಳಿತು. ಎರಡನೆಯ ಸಲ ಪಕ್ಕಕ್ಕೆ ನಿಂತೆ, ಗೋಡೆಗೆ ಉಗುಳಿತು. ಗಾಳಿ ಎಳೆದುಕೊಳ್ಳುವ ಬಾಯಿಗೆ ಒಂದು ಜಾಳಿಗೆ ಇತ್ತು, ಅದನ್ನು ವಾರಕ್ಕೆರಡು ಸಲ ಝಾಡಿಸಬೇಕಿತ್ತು. ಹಿಂದಿನ ಗಲ್ಲಿಯಲ್ಲಿ ಟಾವೆಲ್ ನೇಯುವ ಮಗ್ಗಗಳಿವೆ, ನಮ್ಮ ಗಾಳಿಯಲ್ಲಿ ಗಾಳಿಗಿಂತ ಟಾವೆಲ್ಲೇ ಹೆಚ್ಚು. ಗಾಳಿ ತುಂಬುವ ದಿನ ಬಂಬು ಹೊತ್ತಿಸುವುದನ್ನು ಬಿಟ್ಟೆ, ತಣ್ಣೀರಿನಲ್ಲಿ ಸ್ನಾನ. ದುಃಖದಲ್ಲಿ ವ್ರತ ಹಿಡಿದಿದ್ದಾಳೆ ಎಂದು ಓಣಿಯ ಹೆಂಗಸರು ಮೆಚ್ಚಿಕೊಂಡರು.

ಇಷ್ಟೆಲ್ಲ ಕಲಿತವಳು ಫಿಲ್ಟರಿನಲ್ಲಿ ಎಡವಿದೆ. ಮಳೆಗಾಲದಲ್ಲಿ ಅದನ್ನು ಬಿಚ್ಚಿದಾಗ ಒಳಗಿನ ಬಿಳಿ ಕಾಳು, ವಾಸನೆ ಹೀರುವ ಕಪ್ಪು ಇದ್ದಿಲು ತೇವ ಹಿಡಿದಿದ್ದವು. ಕೊಂಕಣದವನು ಹೊಸದು ತರಿಸಿ ಎಂದ. ನನಗೆ ಅದು ಎಸೆಯುವಂಥದ್ದಾಗಿ ಕಾಣಲಿಲ್ಲ. ಜೋಳಕ್ಕೆ ತೇವ ಬಂದರೆ ಎಸೆಯುತ್ತೇವೆಯೇ? ಬಿಸಿಲಿಗೆ ಹಾಕುತ್ತೇವೆ. ಸೋಲಾಪುರದ ಬಿಸಿಲು ಹುಳ ಹಿಡಿದ ಬೇಳೆಯನ್ನು, ಮುಗ್ಗಿದ ಹಾಸಿಗೆಯನ್ನು, ಉಪ್ಪಿನಕಾಯಿಯ ಜಾಡಿಯನ್ನು ಸರಿಮಾಡಿದೆ. ಮೋಡ ಸರಿದ ಮೇಲೆ ಹಳೆಯ ಸೀರೆ ಹಾಸಿ, ಮಾಳಿಗೆಯ ಮೇಲೆ, ಪಕ್ಕದವರ ಕೆಂಪು ಮೆಣಸಿನಕಾಯಿಯ ಪಕ್ಕದಲ್ಲಿ, ಕಾಳು ಇದ್ದಿಲುಗಳನ್ನು ಬೇರೆ ಬೇರೆ ಹರವಿದೆ. ಮೂರು ದಿನ ಕಾಗೆ ಕಾಯ್ದೆ. ಗರಿಗರಿಯಾದ ಮೇಲೆ ಮೊರದಲ್ಲಿ ಕೇರಿ ಮತ್ತೆ ತುಂಬಿದೆ. ಇಂಥ ಜಾಣತನ ಪುಸ್ತಕದ ನಾಲ್ಕೂ ಭಾಷೆಗಳವರಿಗೆ ಹೊಳೆದಿಲ್ಲವಲ್ಲ ಎಂದು ಹೆಮ್ಮೆಯೂ ಆಯಿತು.

ಖಂಡೇನವಮಿ ಬಂತು. ಆ ದಿನ ನಮ್ಮಲ್ಲಿ ಯಂತ್ರ, ಕತ್ತಿ, ತಕ್ಕಡಿ ಎಲ್ಲಕ್ಕೂ ಪೂಜೆ. ಪೂಜೆ ಮಾಡಿದ ಯಂತ್ರವನ್ನು ಆರತಿಯ ಹೊತ್ತಿಗೆ ಒಮ್ಮೆ ನಡೆಸಬೇಕು, ಇಲ್ಲದಿದ್ದರೆ ಅದು ವರ್ಷವೆಲ್ಲ ಮುನಿಸಿಕೊಂಡಿರುತ್ತದೆ. ತಮ್ಮನನ್ನು ಕೊಂದ ಯಂತ್ರ ಎಂದವರೇ ಅರಿಶಿನ ಕುಂಕುಮ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬಂದರು.

“ಕೊಲೆಗಾರಗ ಪೂಜಾ ಯಾಕ್ರಿ ಅಕ್ಕಾರ?” ಎಂದು ಮೈದುನ ಕೆಣಕಿದ.

“ಸುಮ್ನಿರೋ. ಪೂಜಾ ಮಾಡ್ಲಿಲ್ಲಂದ್ರ ನಿನ್ನನ್ನೂ ನುಂಗ್ತದ.”

ನಾನು ಯಂತ್ರ ನಡೆಸಿದೆ. ಹೇಗೂ ನಡೆಸುತ್ತಿದ್ದೇನೆ, ಎರಡು ದಿನದ ಮೇಲಿನ ಕೆಲಸಕ್ಕೆ ಬೇಕಾದ ಸಿಲಿಂಡರು ತುಂಬಿಬಿಡೋಣ ಎಂದು ಅದನ್ನೂ ಜೋಡಿಸಿದೆ. ಅವರ ಅಕ್ಕ ಧೂಪದ ತಟ್ಟೆಯನ್ನು ತಂದು, ಯಂತ್ರಕ್ಕೆ ಮುಖ ಇದ್ದರೆ ಇದೇ ಇರಬೇಕು ಎಂದುಕೊಂಡು, ಗಾಳಿ ಎಳೆಯುವ ಬಾಯಿಯ ಮುಂದೆಯೇ ಹಿಡಿದರು. ಹೊಗೆ ಸರಸರನೆ ಒಳಗೆ ಹೋಯಿತು. “ನೋಡು, ಹ್ಯಾಂಗ ತೊಗೋತದ! ದೇವರು ಒಪ್ಪಿದ,” ಎಂದರು. ಹೊಗೆಯ ಭಯದಿಂದ ಬಂಬು ಬಿಟ್ಟ ನಾನು ಅಲ್ಲೇ ನಿಂತು ನೋಡುತ್ತಿದ್ದೆ. ನಾಲ್ಕು ಕರಟದ ಹೊಗೆ ಹೊಗೆಯಾಗಿ ಕಂಡಿತ್ತು. ದೇವರ ಹೊಗೆ ಹೊಗೆಯಾಗಿ ಕಾಣಲಿಲ್ಲ. ಒಂದಿಷ್ಟು ಹೋಗಲಿ, ಗರಿಗರಿ ಫಿಲ್ಟರು ಇದೆಯಲ್ಲ ಎಂದುಕೊಂಡೆ.

ಆ ಕೆಲಸ ಅಕ್ಕಲಕೋಟದ ಹತ್ತಿರ, ನನ್ನ ತವರಿನ ಹೊಲದ ಬಾವಿಯಲ್ಲಿ. ಮೋಟರು ಬಿದ್ದದ್ದು ನನ್ನ ಅಣ್ಣನದೇ ಆಗಿದ್ದರಿಂದ ನಾನೂ ಹೋಗಿದ್ದೆ. ಮೈದುನ ಇಳಿದ. ಗುಳ್ಳೆಗಳು ಬಂದವು. ಎರಡು ನಿಮಿಷವಾಗಿರಲಿಲ್ಲ, ತಲೆ ಮೇಲೆ ಬಂತು. ಬಾಯಿಯ ನಳಿಕೆ ಕಿತ್ತು ಹಾಕಿ, ಮೆಟ್ಟಿಲು ಹಿಡಿದು ಕೆಮ್ಮಿದ.

“ಏನಾತೋ?” ಎಂದು ಅಣ್ಣ ಕೂಗಿದ.

“ಏನಿಲ್ರಿ. ಕೆಳಗ ಆರತಿ ನಡದದ,” ಎಂದ ಮೈದುನ. ನನ್ನ ಕಡೆ ನೋಡಿದ. “ವೈನಿ, ಬರೇ ಧೂಪ. ಮ್ಯಾಲ ಮೆಣಸಿನಕಾಯಿ ಘಾಟು. ಮಠದಾಗ ಒಗ್ಗರಣಿ ಹಾಕ್ಯಾರೇನೋ ಅನಿಸ್ತು. ತಲಿ ಗಿಮ್ ಅನ್ನಾಕತ್ತದ.”

ಮೇಲಿದ್ದವರೆಲ್ಲ ನಕ್ಕರು. ಅಣ್ಣ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ನಾನು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ. ನನ್ನ ಮೊರದ ಜಾಣತನ ಒಬ್ಬ ಮನುಷ್ಯನ ಎದೆಯೊಳಗೆ ಹೋಗಿ ಬಂದಿತ್ತು. ಇನ್ನೂ ಇಪ್ಪತ್ತು ಅಡಿ ಇಳಿದಿದ್ದರೆ ಹೇಗೆ ಎಂದು ಒಂದು ಕಡೆ. ಇನ್ನೊಂದು ಕಡೆ, ಸತ್ತ ಫಿಲ್ಟರು ಧೂಪವನ್ನು ಬಿಟ್ಟಿತು ಎಂದರೆ ಬಂಬಿನ ಹೊಗೆಯನ್ನೂ ಬಿಟ್ಟಿರಬಹುದಲ್ಲ ಎಂದು.

ಕೊಂಕಣದವನು ಈ ಸಲ ಬೈದ. ಬೈದು ಮುಗಿಸಿ, ಪುಣೆಯಲ್ಲಿ ಗಾಳಿ ಪರೀಕ್ಷೆ ಮಾಡುವ ಜಾಗದ ವಿಳಾಸ ಕೊಟ್ಟ. ನಾನು ಹಾರ ತೆಗೆದು ಹಳೆಯ ಸಿಲಿಂಡರನ್ನು ಹೊರಗೆ ತಂದೆ.

“ನನ್ನ ತಮ್ಮನ ಉಸಿರು ಖರ್ಚು ಮಾಡ್ತಿಯೇನು?” ಎಂದು ಅವರ ಅಕ್ಕ ಬಾಗಿಲಿಗೆ ಅಡ್ಡ ನಿಂತರು.

“ಗಾಳಿನೇ ಕೊಂದದ್ದಂತ ಹೇಳಿದ್ರಿ. ಕೊಂದದ್ದೋ ಇಲ್ಲೋ ಕೇಳಿಕೊಂಡು ಬರ್ತೀನಿ.”

ಒಂದೇ ಗಾಳಿ ಕೊಲೆಗಡುಕನೂ ಹೌದು ಪ್ರಸಾದವೂ ಹೌದು ಎಂಬ ಎರಡು ಮಾತುಗಳ ನಡುವೆ ಅವರು ಸಿಕ್ಕಿಕೊಂಡರು. ಆ ಸಂದಿನಲ್ಲಿ ನಾನೂ ಮೈದುನನೂ ಹೊರಬಿದ್ದೆವು.

ಬಸ್ಸಿನ ಕಂಡಕ್ಟರು ಸಿಲಿಂಡರನ್ನು ನೋಡಿ ಗ್ಯಾಸ್ ಒಯ್ಯುವಂತಿಲ್ಲ ಎಂದು ಮರಾಠಿಯಲ್ಲಿ ಅಡ್ಡಗಟ್ಟಿದ. ಗ್ಯಾಸ್ ಅಲ್ಲ, ಬರೀ ಹವಾ ಎಂದೆ. “ಕಾ ಹೋ ಬಾಯಿ, ಪುಣ್ಯಾತ್ ಹವಾ ನಾಹಿ ಕಾ?” ಎಂದ. ಪುಣೆಯಲ್ಲಿ ಗಾಳಿ ಸಿಗುವುದಿಲ್ಲವೇ, ಮನೆಯಿಂದ ಒಯ್ಯುತ್ತಿದ್ದೀರಾ ಎಂದು. ಬಸ್ಸೆಲ್ಲ ನಕ್ಕಿತು. ಕೊನೆಗೆ ಮೈದುನ ಪರಿಚಯದವನ ಜೀಪು ತಂದ. ಹಿಂದಿನ ಸೀಟಿನಲ್ಲಿ ಅದನ್ನು ತೊಡೆಗೆ ಒರಗಿಸಿಕೊಂಡು ಕುಳಿತೆ. ವಿಭೂತಿ ಸೀರೆಗೆ ಹತ್ತಿತು.

ಪರೀಕ್ಷೆ ಮಾಡುವವರು ವಯಸ್ಸಾದವರು, ಮಾತು ಕಡಿಮೆ. ಪೆನ್ಸಿಲಿನಷ್ಟು ತೆಳ್ಳಗಿನ ಗಾಜಿನ ನಳಿಕೆ ಜೋಡಿಸಿ ಸಿಲಿಂಡರಿನ ತಿರುಪನ್ನು ಹಗುರಾಗಿ ತೆರೆದರು. ಹೊಗೆಯ ವಿಷ ಇದ್ದರೆ ಒಳಗಿನ ಬಿಳಿ ಪುಡಿ ಕಪ್ಪಾಗುತ್ತದೆ, ಆ ವಿಷಕ್ಕೆ ವಾಸನೆ ಇರುವುದಿಲ್ಲ, ಸಾಧಾರಣ ಇದ್ದಿಲು ಅದನ್ನು ಹಿಡಿಯುವುದೂ ಇಲ್ಲ ಎಂದರು. ಅಂದರೆ ಫಿಲ್ಟರು ಹೊಸದಿದ್ದರೂ ಬಂಬಿನ ವಿಷ ದಾಟಿಬಿಡುತ್ತಿತ್ತು. ಅವರು ಸಹಜವಾಗಿ ಹೇಳಿದರು. ನಾನು ಆ ಪುಡಿಯನ್ನೇ ನೋಡುತ್ತ ಕುಳಿತೆ. ಸುಯ್ ಎನ್ನುತ್ತಿತ್ತು. ಬಿಳಿ ಇತ್ತು. ಇನ್ನೂ ಬಿಳಿ ಇತ್ತು. ಅವರು ಗಡಿಯಾರ ನೋಡಿ ಮುಚ್ಚಿದರು.

ಇನ್ನೆರಡು ನಳಿಕೆ ಹಾಕಿ ಎಣ್ಣೆ, ತೇವ ನೋಡಿದರು. ಎಣ್ಣೆ ಇಲ್ಲ. ತೇವ ಇಲ್ಲವೆನ್ನುವಷ್ಟು ಕಡಿಮೆ. ಫಿಲ್ಟರು ಹೊಸದಿದ್ದಾಗ ತುಂಬಿದ್ದಿರಬೇಕು ಎಂದರು.

“ಯಾರು ತುಂಬಿದ್ದು?” ಎಂದು ಮರಾಠಿಯಲ್ಲಿ ಕೇಳಿದರು.

ನಮ್ಮ ಮನೆಯವರು ಎಂದೆ.

“ಚಾಂಗಲ ಭರಲಯ,” ಎಂದರು. ಚೆನ್ನಾಗಿ ತುಂಬಿದ್ದಾರೆ. ಅಷ್ಟೇ ಹೇಳಿ ಕಾಗದಕ್ಕೆ ಸಹಿ ಹಾಕಿದರು.

ಜೀಪಿನಲ್ಲಿ ಬರುವಾಗ ಮೈದುನನಿಗೆ ಬಂಬಿನ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಆರು ತಿಂಗಳು ಒಳಗಿಟ್ಟುಕೊಂಡದ್ದು. ಅವನು ಆಶ್ಚರ್ಯಪಟ್ಟ, ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ.

“ಅಣ್ಣಾ ಪೈಪ್ ಹಾಕ್ತಿದ್ದನಲ್ರಿ ವೈನಿ. ನೀವು ಬಂಬ್ ಹೊತ್ತಿಸಿದ ದಿನ ಉದ್ದನ ಪೈಪ್ ಜೋಡಿಸಿ, ಗ್ವಾಡಿ ಮ್ಯಾಲಿಂದ ಆಕಡಿ ಮೈದಾನಕ್ಕ ಬಿಡ್ತಿದ್ದ. ಅಲ್ಲಿಂದ ಗಾಳಿ ಎಳೀತಿತ್ತು. ನಿಮಗ ಹೇಳಿಲ್ಲೇನು?”

“ಬಂಬ್ ಆರಿಸು ಅಂತ ಹೇಳಿದ್ರ ಮುಗೀತಿತ್ತಲ್ಲ?”

“ನಾನೂ ಅದನ್ನ ಕೇಳ್ದೆ. ಬಿಸಿನೀರಿಲ್ಲಂದ್ರ ಅಕಿ ಮಣಕಾಲು ನೋವ್ತಾವ, ಪೈಪ್ ಹಾಕೋದು ಎರಡು ನಿಮಿಷದ ಕೆಲಸ, ಅಂದ.”

ಆ ಪೈಪು ನಾಲ್ಕು ತಿಂಗಳಿಂದ ಕರಿಬೇವಿಗೆ ನೀರು ಹಾಕುತ್ತಿತ್ತು. ಗಿಡದ ಬುಡಕ್ಕೆ ಸರಿಯಾಗಿ ಮುಟ್ಟಲೆಂದು ನಾನು ಅದನ್ನು ಎರಡು ಕಡೆ ಕತ್ತರಿಸಿಯೂ ಇದ್ದೆ.

ಊರಿಗೆ ಬಂದು ಅವರ ಅಕ್ಕನಿಗೆ ಕಾಗದ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, “ಪುಣಾದವ್ರಿಗೆ ನಮ್ಮ ಮನಿ ಗಾಳಿ ಏನು ಗೊತ್ತು,” ಎಂದರು. ಆಮೇಲೆ ಅದನ್ನೂ ಫೋಟೋದ ಪಕ್ಕದಲ್ಲಿಟ್ಟು ವಿಭೂತಿ ಹಚ್ಚಿದರು. ತೆರೆದುಬಂದ ಸಿಲಿಂಡರಿಗೆ ಮಾತ್ರ ಮತ್ತೆ ಹಾರ ಹಾಕಲಿಲ್ಲ.

ಹೊಸ ಪೈಪು ತರಿಸಿದ್ದೇನೆ, ಹೊಸ ಫಿಲ್ಟರೂ ಬಂದಿದೆ. ಫಿಲ್ಟರು ಹಾಕಿದ ದಿನವನ್ನು, ಯಂತ್ರ ನಡೆದ ಗಂಟೆಗಳನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಧೂಪ ಹಿಡಿದವರನ್ನು ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಕಳೆದ ವಾರ ಮೈದುನ ಅದೇ ತವರಿನ ಬಾವಿಗೆ ಮತ್ತೆ ಇಳಿದ; ಮುಕ್ಕಾಲು ಗಂಟೆ ಕೆಳಗಿದ್ದು, ಮೋಟರು ಕಟ್ಟಿ ಮೇಲೆ ಬಂದ. ಗಾಳಿ ಹೇಗಿತ್ತು ಎಂದು ಕೇಳಿದೆ. “ಗಾಳಿ ಏನ್ರಿ, ಗಾಳಿಯಂಗ ಇತ್ತು,” ಎಂದು ಮೋಟರಿನ ಕೆಸರು ತೊಳೆಯಲು ಹೋದ.

ಗಾಳಿ ಚೆನ್ನಾಗಿದೆ. ಆ ದಿನವೂ ಚೆನ್ನಾಗಿಯೇ ಇತ್ತು. ಅಂದು ಅವರು ಪೈಪು ಹಾಕುವಾಗ ನಾನು ಅಡುಗೆಮನೆಯಲ್ಲಿ ಇನ್ನೂ ಉಕ್ಕದ ಹಾಲಿನ ಮುಂದೆ ನಿಂತಿದ್ದೆ, ಅದನ್ನು ಅವರಿಗೆ ಹೇಳಬೇಕಾಗಿದೆ. ಹೇಳಿಸಿಕೊಳ್ಳಲು ಅವರು ಇಲ್ಲ.